ಊರ ಪೊಲೀಸರು ಕೇಳಬಾರದ ಪ್ರಶ್ನೆ

ನಮ್ಮ ವಿದ್ಯಾಸಂಸ್ಥೆಯ ಅಮೃತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಎಂದಿನಂತೆ ಶಬ್ದಮಣಿದರ್ಪಣದ ಒಂದು ಪ್ರಕರಣವನ್ನೋ ಷಟ್ಪದಿಯ ಲಕ್ಷಣವನ್ನೋ ಕುರಿತು ನಾಲ್ಕು ಪುಟ ಬರೆದರಾಯಿತೆಂದು ಒಪ್ಪಿಕೊಂಡೆನು. ಮೂವತ್ತು ವರ್ಷಗಳಿಂದ ಈ ಶಾಲೆಯಲ್ಲಿ ಕನ್ನಡ ಪಂಡಿತನಾಗಿರುವ ನನ್ನಿಂದ ವಾಚಕ ಮಹಾಶಯರು ಬೇರೇನನ್ನೂ ನಿರೀಕ್ಷಿಸಿರಲಾರರು. ಆದರೆ ಲೇಖನಿ ಹಿಡಿದು ಕುಳಿತಾಗಲೆಲ್ಲ ಮನಸ್ಸಿಗೆ ಬರುತ್ತಿದ್ದುದು ಈ ಶಾಲೆಯಲ್ಲಿಯೇ ಕಲಿತು, ಶ್ರೀಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ಒಬ್ಬ ಹಳೆಯ ವಿದ್ಯಾರ್ಥಿಯ ಸಂಗತಿ; ಅವನಿಗೆ ನಾನು ಕೊಟ್ಟ ಒಂದು ತಪ್ಪು ಸಲಹೆಯ ಸಂಗತಿ. ಅದು ನಡೆದದ್ದು ಅಮೇರಿಕ ದೇಶದಲ್ಲಿ. ಆ ದೇಶದ ರಾಜ್ಯಗಳಿಗೂ ಕೇಂದ್ರ ಸರ್ಕಾರಕ್ಕೂ ಪೊಲೀಸರ ವಿಷಯದಲ್ಲಿ ಬಹುಕಾಲದಿಂದ ನಡೆದಿರುವ ಒಂದು ವ್ಯಾಜ್ಯವು ಅದರೊಳಗೆ ಹೆಣೆದುಕೊಂಡಿದೆ. ನಾನು ಕಾಯದೆ ಓದಿದವನಲ್ಲ. ತಿಳಿದವರಿಂದ ಕೇಳಿ, ಮಗಳಿಂದ ಓದಿಸಿ ಅರ್ಥ ಮಾಡಿಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತೇನೆ. ಹುಡುಗನ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ; ಕಾರಣವು ಮುಂದೆ ತಾನೇ ತಿಳಿದೀತು.

2024ರ ಏಪ್ರಿಲಿನಲ್ಲಿ ಮಗಳ ಬಾಣಂತನಕ್ಕಾಗಿ ಧರ್ಮಪತ್ನಿಯೊಡನೆ ನ್ಯೂಜೆರ್ಸಿ ರಾಜ್ಯಕ್ಕೆ ಹೋಗಿದ್ದೆನು. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡುವುದು, ಉಳಿದ ಹೊತ್ತಿನಲ್ಲಿ ಅಡ್ಡಾಡಿ ಬರುವುದು. ಎಡಿಸನ್ ಪಟ್ಟಣದ ಓಕ್ ಟ್ರೀ ರಸ್ತೆಯಲ್ಲಿ ನಮ್ಮ ದೇಶದವರ ಅಂಗಡಿಗಳು ಸಾಲುಗಟ್ಟಿವೆ. ಅಲ್ಲಿ ಬದನೆಕಾಯಿಯೂ ಸಿಗುತ್ತದೆ, ಜೋಳದ ಹಿಟ್ಟೂ ಸಿಗುತ್ತದೆ. ಆದರೆ ನನಗೆ ನಡೆದು ಹೋಗುವಷ್ಟು ಹತ್ತಿರವಿದ್ದುದು ಮಗಳ ಮನೆಯ ಹಿಂದಿನ ಹೆದ್ದಾರಿ ಮತ್ತು ಅದರ ಮೇಲಿನ ಒಂದು ಪೆಟ್ರೋಲ್ ಬಂಕು. ಆ ರಾಜ್ಯದಲ್ಲಿ ವಾಹನದವರು ತಾವೇ ಇಳಿದು ಪೆಟ್ರೋಲು ತುಂಬಿಕೊಳ್ಳುವಂತಿಲ್ಲ; 1949ರಲ್ಲಿಯೇ ಅದನ್ನು ಕಾನೂನಿನಿಂದ ನಿಷೇಧಿಸಿದ್ದಾರೆ. ಆದ್ದರಿಂದ ಬಂಕುಗಳಲ್ಲಿ ನಮ್ಮಲ್ಲಿಯಂತೆಯೇ ಆಳುಗಳಿರುತ್ತಾರೆ. ಒಂದು ಸಂಜೆ ಅಂಥ ಆಳೊಬ್ಬನು ಕೈಯ ಕೊಳವೆಯನ್ನು ಅದರ ಸ್ಥಾನದಲ್ಲಿಟ್ಟು ಓಡಿಬಂದು, ಆ ಪೆಟ್ರೋಲಿನ ವಾಸನೆಯ ನಡುವೆ ನನ್ನ ಕಾಲು ಮುಟ್ಟಿ ನಮಸ್ಕರಿಸಿದನು. "ಸರ್, ನಾನ್ರೀ" ಎಂದನು. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕನ್ನಡದಲ್ಲಿ ಶಾಲೆಗೇ ಮೊದಲಿಗನಾಗಿದ್ದ ಹುಡುಗನು!

ಅವನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಂಜಿನಿಯರಿಂಗ್ ಮುಗಿಸಿ, ಎಚ್-ಒನ್-ಬಿ ಎಂಬ ನೌಕರಿಯ ವೀಸಾದ ಮೇಲೆ ಹೋದವನು. ಕಂಪನಿಯವರು ಒಂದು ದಿನ ನೂರಾರು ಜನರೊಡನೆ ಇವನನ್ನೂ ತೆಗೆದುಹಾಕಿದರು. ಹಾಗೆ ಕೆಲಸ ಹೋದವನಿಗೆ ಅಲ್ಲಿ ಹೆಚ್ಚೆಂದರೆ ಅರವತ್ತು ದಿನಗಳ ಅವಕಾಶ. ಅಷ್ಟರೊಳಗೆ ಬೇರೆ ನೌಕರಿ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಇವನ ತಂದೆಯ ನಾಲ್ಕು ಎಕರೆ ಹೊಲ ಸಾಲದಲ್ಲಿತ್ತು. ತಂಗಿಯ ಲಗ್ನ ಗೊತ್ತಾಗಿತ್ತು. ಇಂದು ಸಿಕ್ಕೀತು, ನಾಳೆ ಸಿಕ್ಕೀತು ಎನ್ನುತ್ತ ಅರವತ್ತು ದಿನ ಕಳೆದವು, ಆ ಮೇಲೆ ವರ್ಷವೂ ಕಳೆಯಿತು. ಅವನು ತಪ್ಪು ಮಾಡಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆ ದೇಶದ ನಿಯಮವನ್ನು ಮೀರಿ ಅಲ್ಲಿ ಉಳಿದಿದ್ದನು; ಅದು ಅವನಿಗೂ ಗೊತ್ತಿತ್ತು. ಅವನ ಮುಖದ ಮೇಲೆ ಅದು ಬರೆದಿತ್ತು.

ಮೇ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ಕೆಲಸ ಮುಗಿಸಿ ಕೋಣೆಗೆ ನಡೆದು ಹೋಗುತ್ತಿದ್ದಾಗ ಇಬ್ಬರು ತರುಣರು ಅವನನ್ನು ಅಡ್ಡಗಟ್ಟಿ, ತಲೆಗೆ ಹೊಡೆದು, ವಾರದ ಸಂಬಳವನ್ನೂ ಕೈಗಡಿಯಾರವನ್ನೂ ಕಿತ್ತುಕೊಂಡು ಹೋದರು. ಅವರಲ್ಲಿ ಒಬ್ಬನ ಮುಖ ಇವನಿಗೆ ಪರಿಚಿತವಾಗಿತ್ತು. ಬಂಕಿಗೆ ಬರುತ್ತಿದ್ದ ಗಿರಾಕಿಯೇ. ಮರುದಿನ ತಲೆಗೆ ಬಟ್ಟೆ ಕಟ್ಟಿಕೊಂಡು ನಮ್ಮ ಮನೆಗೆ ಬಂದನು. ನನ್ನ ಮಡದಿ ಅರಿಸಿನ ಹಚ್ಚಿದಳು. ಚಹಾ ಕುಡಿದ ಮೇಲೆ ತಲೆ ತಗ್ಗಿಸಿ ಕೇಳಿದನು: "ಸರ್, ಪೊಲೀಸರಿಗೆ ಹೇಳಬೇಕೋ ಬ್ಯಾಡೋ? ಹೇಳಿದರ ಅವರು ಕಾಗದಾ ಕೇಳತಾರ."

ವಾಚಕರೇ, ಆ ಕ್ಷಣದಲ್ಲಿ ನನಗೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ. ನಮ್ಮ ಕಡೆಯ ಯಾವ ಹಿರಿಯನಾದರೂ ಹೇಳುವುದನ್ನೇ ನಾನೂ ಹೇಳಿದೆನು: "ಬ್ಯಾಡ ತಮ್ಮಾ. ಪರದೇಶ. ಪೊಲೀಸರ ಉಸಾಬರಿ ಬ್ಯಾಡ. ಜೀವ ಉಳದದ, ಸಾಕು." ಅವನ ಮುಖದಲ್ಲಿ ಸಮಾಧಾನ ಕಂಡಿತು. ತನಗೆ ಬೇಕಾದ ಉತ್ತರವನ್ನೇ ಗುರುವಿನ ಬಾಯಿಂದ ಕೇಳಿ ಎದ್ದು ಹೋದನು.

ಒಂಬತ್ತು ದಿನಗಳ ಮೇಲೆ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಹತ್ತಿರದ ಹೋಟೆಲಿನ ಅಡಿಗೆಯವನೊಬ್ಬನನ್ನು ಹೊಡೆದು ಕೆಡವಿದರು. ಗ್ವಾಟೆಮಾಲಾ ದೇಶದವನು, ನಾಲ್ಕು ಮಕ್ಕಳ ತಂದೆ. ದವಡೆ ಮುರಿಯಿತು, ಒಂದು ಕಣ್ಣಿನ ದೃಷ್ಟಿ ಮಂದವಾಯಿತು. ಯಾರೋ ದಾರಿಹೋಕರು ಆಂಬುಲೆನ್ಸ್ ಕರೆಯದಿದ್ದರೆ ಅವನೂ ಎದ್ದು ಮನೆಗೆ ಹೋಗಿ ಬಾಯಿ ಮುಚ್ಚಿಕೊಂಡಿರುತ್ತಿದ್ದನೇನೋ. ನಮ್ಮ ಹುಡುಗನು ಬಂದು ಬಾಗಿಲಲ್ಲಿಯೇ ನಿಂತನು. "ಅವರ ಸರ್, ಅದ ಇಬ್ಬರು" ಎಂದಷ್ಟೇ ಹೇಳಿದನು. ನಾನು ಹಿಂದಿನ ವಾರ "ಬ್ಯಾಡ" ಎಂದಿದ್ದೆನು. ಆ ಎರಡಕ್ಷರದ ಭಾರ ಅಂದು ನನಗೆ ತಿಳಿಯಿತು.

ಮಗಳ ಎದುರುಮನೆಯಲ್ಲಿ ಗುಜರಾತಿ ವಕೀಲೆಯೊಬ್ಬರಿದ್ದರು. ಅಂದು ರಾತ್ರಿಯೇ ಅವರನ್ನು ಕಂಡೆವು. ಎಲ್ಲವನ್ನೂ ಕೇಳಿದ ಆ ತಾಯಿಯು ನನ್ನನ್ನು ನೋಡಿ, ಈ ರಾಜ್ಯದಲ್ಲಿ ಊರ ಪೊಲೀಸರು ದೂರು ಕೊಡಬಂದವನನ್ನು ಆ ಪ್ರಶ್ನೆ ಕೇಳಬಾರದೆಂದು 2018ರಲ್ಲಿಯೇ ಕಟ್ಟಪ್ಪಣೆಯಾಗಿದೆಯಲ್ಲ, ನಿಮಗೆ ಯಾರೂ ಹೇಳಲಿಲ್ಲವೇ ಎಂದರು. ಹೇಳುವವರಾರು? ನಮ್ಮವರ ಸಮಾರಂಭಗಳಲ್ಲಿ ಊಟದ ಪಂಕ್ತಿಯಲ್ಲಿ ಕುಳಿತು ಮಾತಾಡುವುದೆಲ್ಲ ಮನೆಯ ಬೆಲೆ, ಗ್ರೀನ್ ಕಾರ್ಡಿನ ಸರದಿ. ಕಾಗದವಿಲ್ಲದವನ ಮಾತು ಅಲ್ಲಿ ಏಳುವುದಿಲ್ಲ. ಅಂಥವನು ನಮ್ಮಲ್ಲಿಯೇ ಇರಬಹುದೆಂಬುದನ್ನು ನಾವು ಒಪ್ಪುವುದೂ ಇಲ್ಲ.

ಆ ಅಪ್ಪಣೆಯನ್ನು ಹೊರಡಿಸಿದವರು ಆಗ ನ್ಯೂಜೆರ್ಸಿಯ ಅಟಾರ್ನಿ ಜನರಲ್ ಆಗಿದ್ದ ಗುರ್ಬೀರ್ ಗ್ರೇವಾಲರು. ಭಾರತದಿಂದ ವಲಸೆ ಹೋದ ತಂದೆತಾಯಿಗಳ ಮಗ, ಪೇಟ ಸುತ್ತಿದ ಸಿಖ್ಖರು. ಅಮೇರಿಕದ ಯಾವುದೇ ರಾಜ್ಯದಲ್ಲಿ ಆ ಪದವಿಗೇರಿದ ಮೊದಲ ಸಿಖ್ಖರು ಅವರೇ. 2018ರ ನವೆಂಬರಿನಲ್ಲಿ ಹೊರಟು 2019ರ ಮಾರ್ಚಿನಿಂದ ಜಾರಿಗೆ ಬಂದ ಆ ನಿರ್ದೇಶನದ ಹೆಸರಿನಲ್ಲಿ 'ವಿಶ್ವಾಸ' ಎಂಬರ್ಥದ ಶಬ್ದವಿದೆ. ಮಗಳು ಅದನ್ನು ಓದಿ ಹೇಳಿದಳು. ಕೇವಲ ವಲಸೆಯ ಸ್ಥಿತಿಯ ಕಾರಣದಿಂದ ಊರ ಪೊಲೀಸರು ಯಾರನ್ನೂ ತಡೆಯಬಾರದು, ಹಿಡಿಯಬಾರದು. ಗಂಭೀರ ಅಪರಾಧವೊಂದರ ತನಿಖೆಗೆ ಆ ವ್ಯಕ್ತಿಯ ವಿಷಯದಲ್ಲಿ ಅವಶ್ಯವಾದ ಹೊರತು ವಲಸೆಯ ಸ್ಥಿತಿಯನ್ನು ಕೇಳಲೇಬಾರದು. ಕೇಂದ್ರದ ವಲಸೆ ಅಧಿಕಾರಿಗಳು ನಡೆಸುವ ಸಿವಿಲ್ ಸ್ವರೂಪದ ದಾಳಿಗಳಲ್ಲಿ ಪಾಲುಗೊಳ್ಳಬಾರದು. ಆದರೆ ನ್ಯಾಯಾಧೀಶರು ಸಹಿ ಮಾಡಿದ ವಾರಂಟು ಇದ್ದರೆ ತಡೆಯಿಲ್ಲ. ಹಿಂಸೆಯ ಅಥವಾ ಗಂಭೀರ ಅಪರಾಧದ ಆರೋಪ ಹೊತ್ತವನ ವಿಷಯದಲ್ಲಿ ಕೇಂದ್ರದವರಿಗೆ ತಿಳಿಸಲು ಅಡ್ಡಿಯಿಲ್ಲ.

ಇಲ್ಲಿ 'ಸಿವಿಲ್' ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ಹಳೆಯ ಕಚೇರಿಗಳಲ್ಲಿ ದಿವಾಣಿ ದಾವೆ, ಫೌಜದಾರಿ ಖಟ್ಲೆ ಎಂದು ಎರಡು ಬಗೆ ಹೇಳುತ್ತಿದ್ದರಷ್ಟೆ. ವೀಸಾದ ಅವಧಿ ಮೀರಿ ಉಳಿದಿರುವುದು ಆ ದೇಶದಲ್ಲಿ ದಿವಾಣಿಯ ಬಗೆಯ ತಪ್ಪು, ಫೌಜದಾರಿಯಲ್ಲ. ಅದಕ್ಕೆ ಗಡೀಪಾರು ಉಂಟು, ಆದರೆ ಅದು ಸೆರೆಮನೆಯ ಶಿಕ್ಷೆಗೊಳಗಾಗುವ ಅಪರಾಧವಲ್ಲ. ದೇಶದಿಂದ ಹೊರಹಾಕಲ್ಪಡತಕ್ಕವನು ಅಲ್ಲಿ ಇರುವುದೇ ಸಾಮಾನ್ಯವಾಗಿ ಅಪರಾಧವಾಗುವುದಿಲ್ಲವೆಂದು 2012ರಲ್ಲಿ ಅರಿಜೋನಾ ರಾಜ್ಯದ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಹುಡುಗನು ಇದನ್ನು ತಿಳಿಯದೆ ತಾನು ಕಳ್ಳನಂತೆಯೇ ಎಂದು ಭಾವಿಸಿ, ತನ್ನನ್ನು ದೋಚಿದ ಕಳ್ಳರಿಗಿಂತ ಹೆಚ್ಚು ಪೊಲೀಸರಿಗೆ ಅಂಜಿದ್ದನು.

ಈಗ ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಭಾಗ. ಕೇಂದ್ರದ ವಲಸೆ ಇಲಾಖೆಯವರು ಕೌಂಟಿಯ ಬಂದೀಖಾನೆಗೆ 'ಡಿಟೇನರ್' ಎಂಬ ಒಂದು ಕಾಗದವನ್ನು ಕಳುಹಿಸುತ್ತಾರೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತೆ. ನಿಮ್ಮಲ್ಲಿರುವ ಇಂಥವನನ್ನು ಬಿಡುವ ಹೊತ್ತಾದರೂ ಬಿಡದೆ, ನಾವು ಬಂದು ಕರೆದೊಯ್ಯುವವರೆಗೆ, ನಲವತ್ತೆಂಟು ಗಂಟೆ ಮೀರದಂತೆ ಇಟ್ಟುಕೊಳ್ಳಿರಿ ಎಂಬುದು ಅದರ ತಾತ್ಪರ್ಯ. 2008ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಕೌಂಟಿಯಲ್ಲಿ ಜಾಮೀನು ಕಟ್ಟಿದ ಮೇಲೆಯೂ ಒಬ್ಬನನ್ನು ಇಂಥ ಕಾಗದದ ಬಲದಿಂದ ವಾರಾಂತ್ಯವೆಲ್ಲ ಇಟ್ಟುಕೊಂಡರು. ವಿಚಾರಿಸಿ ನೋಡಿದರೆ ಅವನು ನ್ಯೂಜೆರ್ಸಿಯಲ್ಲಿಯೇ ಹುಟ್ಟಿದ ಅಮೇರಿಕದ ಪ್ರಜೆ! ಅವನು ಮೊಕದ್ದಮೆ ಹೂಡಿದನು. ಕೌಂಟಿಯವರ ವಾದವೇನು? ಕೇಂದ್ರವು ಆಜ್ಞೆ ಮಾಡಿತು, ನಾವು ಪಾಲಿಸಿದೆವು, ನಮ್ಮದೇನು ತಪ್ಪು ಎಂದು. ನಿಯಮದ ಒಂದು ಕಡೆ 'ಇದು ಕೋರಿಕೆ' ಎಂದಿದೆ. ಇನ್ನೊಂದು ಕಡೆ 'ಇಟ್ಟುಕೊಳ್ಳತಕ್ಕದ್ದು' ಎಂಬ ವಿಧಿಯಂತೆ ತೋರುವ ಕ್ರಿಯಾಪದವಿದೆ. ಅದು ಆಜ್ಞೆಯೋ, ಪ್ರಾರ್ಥನೆಯೋ?

ಬಾಲ್ಯದಲ್ಲಿ ಶ್ರೀಮಠದ ಪಾಠಶಾಲೆಯಲ್ಲಿ ಲಘುಕೌಮುದಿಯನ್ನು ಉರು ಹಾಕಿದ ನನಗೆ ಇದನ್ನು ಕೇಳಿ ಮೈ ನವಿರೆದ್ದಿತು. ಪಾಣಿನಿ ಮಹರ್ಷಿಯು ಲಿಙ್ ಎಂಬ ಲಕಾರಕ್ಕೆ ಅರ್ಥ ಹೇಳುವಾಗ ವಿಧಿಯಿಂದ ಮೊದಲುಮಾಡಿ ಪ್ರಾರ್ಥನೆಯವರೆಗೆ ಎಲ್ಲವನ್ನೂ ಒಂದೇ ಸೂತ್ರದಲ್ಲಿ ಕಟ್ಟಿದ್ದಾನೆ. ರೂಪ ಒಂದೇ, ಅರಸನು ಆಳಿಗೆ ಹೇಳಿದರೆ ವಿಧಿ, ಭಕ್ತನು ದೇವರಿಗೆ ಹೇಳಿದರೆ ಪ್ರಾರ್ಥನೆ. ಕನ್ನಡದ ವಿಧ್ಯರ್ಥವೂ ಹಾಗೆಯೇ ಎಂಬುದನ್ನು ನಮ್ಮ ಎಂಟನೆಯ ಇಯತ್ತೆಯ ಮಕ್ಕಳೂ ಬಲ್ಲರು: 'ಮಳೆ ಬರಲಿ' ಎಂಬುದು ಹಾರೈಕೆ, 'ಅವನು ಹೊರಗೆ ಹೋಗಲಿ' ಎಂಬುದು ಅಪ್ಪಣೆ. ಯಾರು ಯಾರಿಗೆ ಹೇಳುತ್ತಿದ್ದಾರೆಂಬುದರ ಮೇಲೆ ಅರ್ಥ ನಿಂತಿದೆ. ಫಿಲಡೆಲ್ಫಿಯಾದಲ್ಲಿರುವ ಮೇಲ್ಮನವಿ ನ್ಯಾಯಾಲಯವು 2014ರಲ್ಲಿ ಇದನ್ನೇ ಬಿಡಿಸಿತು: ಆ ಕಾಗದವು ಕೋರಿಕೆಯೇ, ನಲವತ್ತೆಂಟು ಗಂಟೆಯ ಮಾತು ಮಿತಿಯನ್ನು ಹೇಳುವುದೇ ಹೊರತು ಕಡ್ಡಾಯವನ್ನಲ್ಲ, ಏಕೆಂದರೆ ಕೇಂದ್ರ ಸರ್ಕಾರವು ರಾಜ್ಯದ ಅಧಿಕಾರಿಗೆ ಹಾಗೆ ಆಜ್ಞೆ ಮಾಡಲಾರದು. ಕೋರಿಕೆಯನ್ನು ನಡೆಸಿಕೊಟ್ಟವನು ಅದರ ಹೊಣೆಯನ್ನೂ ಹೊರಬೇಕಾಯಿತು. ಅದೇ ವರ್ಷ ಓರೆಗಾನ್ ರಾಜ್ಯದ ಒಂದು ಕೌಂಟಿಯೂ ಇಂಥದೇ ಕಾರಣಕ್ಕೆ ತಪ್ಪಿತಸ್ಥವೆನಿಸಿತು. ನನ್ನ ಮೂವತ್ತು ವರ್ಷಗಳ ಪಾಠದಲ್ಲಿ ವ್ಯಾಕರಣವು ಒಬ್ಬನನ್ನು ಸೆರೆಯಿಂದ ಬಿಡಿಸಬಲ್ಲುದೆಂದು ಮಕ್ಕಳಿಗೆ ನಾನು ಹೇಳಿರಲಿಲ್ಲ.

ಕೇಂದ್ರವು ರಾಜ್ಯಕ್ಕೆ ಆಜ್ಞೆ ಮಾಡಲಾರದೆಂಬುದು ನಮಗೆ ವಿಚಿತ್ರವಾಗಿ ಕಾಣುವುದು ಸಹಜ. ನಮ್ಮ ಸಂವಿಧಾನದಲ್ಲಿಯೂ ಪೊಲೀಸ್ ರಾಜ್ಯಪಟ್ಟಿಯಲ್ಲಿದೆ, ಪೌರತ್ವವೂ ಪರದೇಶಿಯರ ವಿಷಯವೂ ಕೇಂದ್ರಪಟ್ಟಿಯಲ್ಲಿವೆ. ಆದರೆ ಸಂಸತ್ತಿನ ಕಾನೂನು ಪಾಲನೆಯಾಗುವಂತೆ ರಾಜ್ಯವು ನಡೆದುಕೊಳ್ಳಬೇಕೆಂದೂ ಅದಕ್ಕಾಗಿ ಕೇಂದ್ರವು ನಿರ್ದೇಶನ ಕೊಡಬಹುದೆಂದೂ 256ನೆಯ ಅನುಚ್ಛೇದವು ಹೇಳುತ್ತದೆ. ಅಲ್ಲಿ ಹಾಗಿಲ್ಲ. ಅದರ ಬೇರು 1842ರಷ್ಟು ಹಳೆಯದು. ಮಾರ್ಗರೆಟ್ ಮಾರ್ಗನ್ ಎಂಬ ಕಪ್ಪು ಹೆಂಗಸನ್ನು ಅವಳ ಮಕ್ಕಳೊಡನೆ ಪೆನ್ಸಿಲ್ವೇನಿಯಾದಿಂದ ಹಿಡಿದೊಯ್ದ ಗುಲಾಮಬೇಟೆಗಾರನ ಮೊಕದ್ದಮೆಯದು. ಸುಪ್ರೀಂ ಕೋರ್ಟು ಬೇಟೆಗಾರನ ಪಕ್ಷಕ್ಕೇ ತೀರ್ಪು ಕೊಟ್ಟಿತು. ಆ ತೀರ್ಪು ಕಳಂಕವೇ ಸರಿ. ಆದರೆ ಓಡಿಹೋದ ಗುಲಾಮರನ್ನು ಹಿಡಿಯುವ ಕೇಂದ್ರದ ಕಾನೂನನ್ನು ತಮ್ಮ ಅಧಿಕಾರಿಗಳಿಂದ ನಡೆಸಿಕೊಡಬೇಕೆಂದು ರಾಜ್ಯಗಳನ್ನು ಬಲವಂತಪಡಿಸುವಂತಿಲ್ಲವೆಂಬ ಮಾತೂ ಅದೇ ತೀರ್ಪಿನಲ್ಲಿತ್ತು. ಮರುವರ್ಷವೇ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ಅಧಿಕಾರಿಗಳೂ ತನ್ನ ಬಂದೀಖಾನೆಗಳೂ ಆ ಕೆಲಸಕ್ಕಿಲ್ಲವೆಂದು ಕಾನೂನು ಮಾಡಿತು. ವಿಷದ ಗಿಡದಲ್ಲಿ ಔಷಧದ ಬೇರು.

ಅನಂತರ 1997. ಪಿಸ್ತೂಲು ಕೊಳ್ಳುವವರ ಪೂರ್ವಾಪರವನ್ನು ಊರ ಪೊಲೀಸ್ ಮುಖ್ಯಸ್ಥರು ಪರಿಶೀಲಿಸಬೇಕೆಂದು ಕೇಂದ್ರದ ಕಾನೂನು ಹೇಳಿದಾಗ ಮೊಂಟಾನಾ, ಅರಿಜೋನಾ ರಾಜ್ಯಗಳ ಇಬ್ಬರು ಷೆರೀಫರು, ಕೇಂದ್ರದ ಚಾಕರಿ ನಾವೇಕೆ ಮಾಡಬೇಕೆಂದು ಕೋರ್ಟಿಗೆ ಹೋದರು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತ ಆ ಮೊಕದ್ದಮೆಯಲ್ಲಿ ಷೆರೀಫರೇ ಗೆದ್ದರು. ತೀರ್ಪು ಬರೆದವರು ಸಂಪ್ರದಾಯವಾದಿಗಳೆಂದು ಹೆಸರಾದ ನ್ಯಾಯಮೂರ್ತಿ ಸ್ಕಾಲಿಯಾ ಅವರು. ಬಂದೂಕಿನವರು ತೋಡಿದ ಬಾವಿಯಿಂದ ಇಂದು ವಲಸಿಗರು ನೀರು ಸೇದುತ್ತಿದ್ದಾರೆ. ಬಾವಿಗೇನು ಭೇದ?

ಇಂಥ ಕಾನೂನನ್ನು ರಾಜ್ಯಮಟ್ಟದಲ್ಲಿ ಮೊದಲು ಮಾಡಿದ್ದು ಓರೆಗಾನ್, 1987ರಲ್ಲಿ. ಅದಕ್ಕೆ ಹತ್ತು ವರ್ಷ ಹಿಂದೆ ಅಲ್ಲಿಯ ಇಂಡಿಪೆಂಡೆನ್ಸ್ ಎಂಬ ಚಿಕ್ಕ ಊರಿನ ಹೋಟೆಲೊಂದರಲ್ಲಿ ಕುಳಿತಿದ್ದ ಮೆಕ್ಸಿಕೋ ಮೂಲದವರನ್ನು ಪೊಲೀಸಿನವರು ಹಿಡಿದು ನಿಲ್ಲಿಸಿ ಕಾಗದ ಕೇಳಿದ್ದರು. ಅವರಲ್ಲಿದ್ದವನೊಬ್ಬನು ಆ ದೇಶದ ಪ್ರಜೆಯೇ. ಎರಡೂ ಪಕ್ಷದವರು ಕೂಡಿ, ಹೆಚ್ಚುಕಡಿಮೆ ಒಮ್ಮತದಿಂದ ಕಾನೂನು ಮಾಡಿದರು. 2018ರಲ್ಲಿ ಅದನ್ನು ತೆಗೆದುಹಾಕಬೇಕೆಂದು ಜನಮತಕ್ಕೆ ಇಟ್ಟಾಗ ಮತದಾರರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಬೇಡವೆಂದರು. ಓರೆಗಾನಿಗಿಂತ ಮುಂಚೆ, 1979ರಲ್ಲಿ, ಲಾಸ್ ಏಂಜಲೀಸಿನ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ತಮ್ಮ ಇಲಾಖೆಗೆ ಇಂಥದೊಂದು ಆದೇಶ ಹೊರಡಿಸಿದ್ದರು. ಆ ಗೃಹಸ್ಥರು ಕರುಣೆಗೆ ಹೆಸರಾದವರಲ್ಲ, ಕಾಠಿಣ್ಯಕ್ಕೆ ಹೆಸರಾದವರು. ಸಾಕ್ಷಿ ಹೇಳುವವರಿಲ್ಲದೆ ಪೊಲೀಸನ ಕೆಲಸ ನಡೆಯದೆಂಬ ಲೆಕ್ಕವೇ ಅವರದು. ನನಗೆ ಆ ಲೆಕ್ಕವೇ ಹೆಚ್ಚು ಮನಸ್ಸಿಗೆ ಹಿಡಿಸಿತು. ಕ್ಯಾಲಿಫೋರ್ನಿಯಾ, ಇಲಿನಾಯ್ ರಾಜ್ಯಗಳು 2017ರಲ್ಲಿ ಕಾನೂನು ಮಾಡಿದವು. ಇಲಿನಾಯ್‌ನಲ್ಲಿ ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ಗವರ್ನರರು. ಅದೇ ವರ್ಷ ಟೆಕ್ಸಾಸ್ ರಾಜ್ಯವು, ಡಿಟೇನರನ್ನು ನಡೆಸಿಕೊಡದ ಷೆರೀಫನಿಗೇ ದಂಡವೆಂದು ವಿರುದ್ಧ ದಿಕ್ಕಿನ ಕಾನೂನು ಮಾಡಿತು.

ಇವುಗಳನ್ನೆಲ್ಲ ಅಲ್ಲಿಯ ಪತ್ರಿಕೆಗಳು 'ಸ್ಯಾಂಕ್ಚುಯರಿ' ಎಂಬ ಒಂದೇ ಹೆಸರಿನಿಂದ ಕರೆಯುತ್ತವೆ. ಕನ್ನಡಿಸಲು ಹೋದೆನು: ಶರಣಸ್ಥಾನ, ಅಭಯಧಾಮ, ನಮ್ಮಲ್ಲಿ ಅದೇ ಶಬ್ದಕ್ಕೆ ಅಭಯಾರಣ್ಯವೆಂದು ಹುಲಿ ಜಿಂಕೆಗಳಿಗೆ ಪ್ರಯೋಗವಿದೆ. ಯಾವುದೂ ಒಗ್ಗಲಿಲ್ಲ. ತಪ್ಪು ನನ್ನ ಅನುವಾದದ್ದಲ್ಲ, ಮೂಲ ಶಬ್ದದ್ದು. 1980ರ ದಶಕದಲ್ಲಿ ಮಧ್ಯ ಅಮೇರಿಕದ ಯುದ್ಧಗಳಿಂದ ಓಡಿಬಂದವರನ್ನು ಕೆಲವು ಚರ್ಚುಗಳವರು ತಮ್ಮ ಕಟ್ಟಡದೊಳಗೆ ಇಟ್ಟುಕೊಂಡಾಗ ಆ ಹೆಸರು ಸರಿಯಾಗಿತ್ತು. ಈ ಕಾನೂನುಗಳು ಯಾರನ್ನೂ ಎಲ್ಲಿಯೂ ಬಚ್ಚಿಡುವುದಿಲ್ಲ. ಕೇಂದ್ರದ ಅಧಿಕಾರಿಯು ನ್ಯೂಜೆರ್ಸಿಗೆ ಬಂದು ತಾನೇ ಹಿಡಿಯಬಹುದು. ರಾಜ್ಯದ ಪೊಲೀಸನು ತಡೆಯುವಂತಿಲ್ಲ. ಯಾರನ್ನಾದರೂ ಅಪರಾಧಕ್ಕಾಗಿ ಹಿಡಿದು ಬೆರಳಚ್ಚು ತೆಗೆದರೆ, 2008ರಲ್ಲಿ ಆರಂಭವಾದ ವ್ಯವಸ್ಥೆಯಂತೆ ಆ ಅಚ್ಚು ಕೇಂದ್ರದ ಪೊಲೀಸರ ಮೂಲಕ ವಲಸೆ ಇಲಾಖೆಗೆ ತಾನಾಗಿಯೇ ತಲುಪುತ್ತದೆ. ಇದಲ್ಲದೆ, ಯಾರ ವಲಸೆಯ ಸ್ಥಿತಿಯನ್ನಾದರೂ ಕೇಂದ್ರಕ್ಕೆ ತಿಳಿಸದಂತೆ ರಾಜ್ಯವು ತನ್ನ ನೌಕರರನ್ನು ತಡೆಯಬಾರದೆಂದು 1996ರ ಕೇಂದ್ರ ಕಾನೂನೊಂದಿದೆ. ಇದಕ್ಕೇನು ಉಪಾಯವೆಂದು ಕೇಳಿದೆನು. ವಕೀಲೆಯವರು ನಕ್ಕು, ಕೇಳದೆ ಇದ್ದುದನ್ನು ತಿಳಿಸುವುದಾದರೂ ಹೇಗೆ ಎಂದರು. ಆಗ ಎಲ್ಲವೂ ಒಂದು ಪ್ರಶ್ನೆಗೆ ಬಂದು ನಿಂತಿತು. ರಾಜ್ಯವು ಕಟ್ಟಿದ್ದು ಕೋಟೆಯನ್ನಲ್ಲ. ತನ್ನ ಪೊಲೀಸನ ಬಾಯಿಂದ ಒಂದು ಪ್ರಶ್ನೆಯನ್ನು ತೆಗೆದಿಟ್ಟಿದೆ, ಅಷ್ಟೇ.

ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. 2015ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಂದರುಕಟ್ಟೆಯ ಮೇಲೆ ತಂದೆಯೊಡನೆ ಅಡ್ಡಾಡುತ್ತಿದ್ದ ತರುಣಿಯೊಬ್ಬಳು ಗುಂಡು ತಗುಲಿ ಸತ್ತಳು. ಆ ಪಿಸ್ತೂಲು ಇದ್ದುದು ಐದು ಬಾರಿ ಗಡೀಪಾರಾಗಿ ಮರಳಿ ಬಂದಿದ್ದ ಒಬ್ಬನ ಕೈಯಲ್ಲಿ. ಕೆಲವು ವಾರಗಳ ಹಿಂದೆಯಷ್ಟೇ ಷೆರೀಫನ ಇಲಾಖೆಯು ಕೇಂದ್ರದ ಡಿಟೇನರನ್ನು ಬದಿಗಿಟ್ಟು ಅವನನ್ನು ಬಿಟ್ಟಿತ್ತು. 2017ರಲ್ಲಿ ಜ್ಯೂರಿಯವರು ಕೊಲೆಯ ಆರೋಪದಿಂದ ಅವನನ್ನು ಮುಕ್ತಗೊಳಿಸಿದರೆಂಬುದು ನಿಜ. ಆದರೂ ಮಗಳನ್ನು ಕಳೆದುಕೊಂಡ ತಂದೆಗೆ ಯಾವ ಸಂವಿಧಾನದ ವಿಚಾರವನ್ನು ಹೇಳಿ ಸಮಾಧಾನ ಮಾಡೋಣ? ನನಗೆ ಉತ್ತರ ತೋಚದು. ನ್ಯೂಜೆರ್ಸಿಯ ನಿರ್ದೇಶನದಲ್ಲಿ ಗಂಭೀರ ಅಪರಾಧಿಗಳಿಗೆ ಇಟ್ಟಿರುವ ವಿನಾಯಿತಿಯು ಇಂಥ ದುಃಖವನ್ನು ಎಣಿಸಿಯೇ ಇಟ್ಟದ್ದಿರಬೇಕೆಂದು ತೋರುತ್ತದೆ. ಆ ರಾಜ್ಯದೊಳಗೇ ಎರಡು ಕೌಂಟಿಗಳು ಇದು ಕೇಂದ್ರದ ಕೆಲಸಕ್ಕೆ ಅಡ್ಡಿಯೆಂದು ಮೊಕದ್ದಮೆ ಹೂಡಿ, 2021ರಲ್ಲಿ ಸೋತವು.

ನಮ್ಮ ಹುಡುಗನು ಮರುದಿನ ವಕೀಲೆಯವರೊಡನೆ ಠಾಣೆಗೆ ಹೋದನು. ನಾನೂ ಹೋದೆನು, ಹೋಗದೆ ಇರಲಾಗಲಿಲ್ಲ. ಒಂದು ಗಂಟೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆನು. ಎದುರಿನ ಗೋಡೆಯ ಮೇಲೆ ಕಳೆದುಹೋದ ಬೆಕ್ಕಿನ ಚಿತ್ರವಿತ್ತು. ಹೊರಬಂದವನನ್ನು ಏನು ಕೇಳಿದರೆಂದು ವಿಚಾರಿಸಿದೆನು. ಏನಾಯಿತು, ಯಾವಾಗ, ಅವರು ಹೇಗಿದ್ದರು, ಯಾವ ಬಣ್ಣದ ಕಾರು. ಮತ್ತೆ? "ನನ್ನ ಹೆಸರಿನ ಸ್ಪೆಲಿಂಗ್ ಮೂರು ಸಲ ಕೇಳಿದ್ರಿ ಸರ್. ಅಷ್ಟ." ಜೂನಿನಲ್ಲಿ ನಾವು ಊರಿಗೆ ಮರಳುವ ಮೊದಲೇ ಆ ಇಬ್ಬರನ್ನು ಹಿಡಿದ ಸುದ್ದಿ ಬಂದಿತು.

ಇಲ್ಲಿಗೆ ಮುಗಿದಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲವೇನೋ. 2025ರ ಜನವರಿಯಲ್ಲಿ ಅಲ್ಲಿ ಸರ್ಕಾರ ಬದಲಾಯಿತು. ಫೆಬ್ರವರಿ 5ರಂದು ನಮ್ಮ ದೇಶದವರು 104 ಜನರನ್ನು ಸೇನೆಯ ವಿಮಾನದಲ್ಲಿ ಕೈಕೋಳ ತೊಡಿಸಿ ಅಮೃತಸರಕ್ಕೆ ತಂದಿಳಿಸಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದೆವು. ಅದೇ ತಿಂಗಳು ಕೇಂದ್ರವು ಇಲಿನಾಯ್ ರಾಜ್ಯದ ಮೇಲೆ, ಮೇ ತಿಂಗಳಲ್ಲಿ ನ್ಯೂಜೆರ್ಸಿಯ ನಾಲ್ಕು ನಗರಗಳ ಮೇಲೆ, ಇಂಥ ನಿಯಮಗಳಿಗಾಗಿಯೇ ದಾವೆ ಹೂಡಿತು. ಇಲಿನಾಯ್‌ನ ದಾವೆಯನ್ನು ಜುಲೈಯಲ್ಲಿ ಚಿಕಾಗೋದ ಕೇಂದ್ರ ನ್ಯಾಯಾಧೀಶರು ಆ ಹಳೆಯ ತತ್ತ್ವದ ಮೇಲೆಯೇ ವಜಾ ಮಾಡಿದರು. ಆದರೆ ನಮ್ಮ ಹುಡುಗನಿಗೆ ತಟ್ಟಿದ್ದು ಇವಾವುವೂ ಅಲ್ಲ. ನ್ಯಾಯಾಲಯಗಳ ಆವರಣದಲ್ಲಿ ವಲಸಿಗರನ್ನು ಹಿಡಿಯಲು ಕೇಂದ್ರದ ಅಧಿಕಾರಿಗಳಿಗಿದ್ದ ಸಂಕೋಚವನ್ನು ಜನವರಿಯಲ್ಲಿಯೇ ತೆಗೆದುಹಾಕಿದ್ದರು. ಮತ್ತು ಅಕ್ಟೋಬರಿನಲ್ಲಿ ಅವನಿಗೆ ಕೌಂಟಿಯ ಕೋರ್ಟಿನಿಂದ ಸಾಕ್ಷಿಯ ಸಮನ್ಸು ಬಂದಿತು.

ಫೋನು ಮಾಡಿದನು. ಠಾಣೆಯವರು ಕೇಳಲಿಲ್ಲ, ಸರ್ಕಾರಿ ವಕೀಲರೂ ಕೇಳುವುದಿಲ್ಲ. ಆದರೆ ಕೋರ್ಟಿನ ಬಾಗಿಲಲ್ಲಿ ನಿಂತವರು ಕೇಳಿದರೆ? ರಾಜ್ಯದ ನಿರ್ದೇಶನಕ್ಕೆ ಅಲ್ಲಿ ಏನೂ ಬಲವಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. "ಹೋಗಲ್ಯೋ ಬ್ಯಾಡೋ, ಸರ್?" ಅದೇ ಪ್ರಶ್ನೆ. ನಾನು ಬಹಳ ಹೊತ್ತು ಸುಮ್ಮನಿದ್ದೆನು. "ಹೋದ ಸಲ ನಾ ತಪ್ಪು ಹೇಳಿದೆ ತಮ್ಮಾ. ಈ ಸಲ ಹೇಳೂದಿಲ್ಲ. ವಕೀಲರ ಅಮ್ಮಾರನ್ನ ಕೇಳು, ನಿನ್ನ ಮನಸ್ಸನ್ನ ಕೇಳು" ಎಂದೆನು. ಅದು ಗುರುವಿಗೆ ತಕ್ಕ ಉತ್ತರವಾಗಿತ್ತೋ, ಹೊಣೆಯಿಂದ ಜಾರಿಕೊಂಡದ್ದೋ, ಇಂದಿಗೂ ನಿರ್ಣಯವಾಗಿಲ್ಲ. ಅವನೂ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ಆ ಅಡಿಗಿ ಮಾಡಾಂವ ಬರ್ತಾನಂತ್ರಿ ಸರ್. ಅವಂಗೂ ಕಾಗದ ಇಲ್ಲ."

ಸಾಕ್ಷಿಯ ದಿನ ನಮ್ಮಲ್ಲಿ ರಾತ್ರಿ ಹತ್ತೂಮುಕ್ಕಾಲು ಗಂಟೆಗೆ ಫೋನು ಬಂದಿತು; ಅಲ್ಲಿ ಮಧ್ಯಾಹ್ನ ಒಂದೂಕಾಲು. ನಾನೂ ಮಡದಿಯೂ ಎಚ್ಚತ್ತೇ ಇದ್ದೆವು. ಹಿಂದುಗಡೆ ಬಸ್ಸಿನ ಸದ್ದು ಕೇಳಿಸುತ್ತಿತ್ತು.

"ಮುಗೀತ್ರಿ ಸರ್. ಇಬ್ಬರೂ ಹೇಳಿದ್ವಿ. ಹೊರಗ ಯಾರೂ ಇರಲಿಲ್ಲ, ಇವತ್ತ."

ಊಟ ಮಾಡಿದೆಯಾ ಎಂದು ಮಡದಿ ಪಕ್ಕದಿಂದ ಕೂಗಿ ಕೇಳಿದಳು. ಇಲ್ಲವೆಂದನು. ಅಡಿಗೆಯವನು ತನ್ನ ಹೋಟೆಲಿಗೇ ಕರೆದುಕೊಂಡು ಹೊರಟಿದ್ದಾನೆಂದೂ ಅಲ್ಲಿ ಶಾಕಾಹಾರ ಏನಿದೆಯೋ ನೋಡಬೇಕೆಂದೂ ಹೇಳಿ ಫೋನು ಇಟ್ಟನು.